ಅಂಟಿನ ಚರಿತ್ರೆಯಲ್ಲಿ ಚರ್ಮದ ಸಾಕ್ಷಿ

ತೋಳಿನ ಹಿಂಬದಿಗೆ ಅಂಟಿಸಿಕೊಳ್ಳುವ ಗ್ಲೂಕೋಸ್ ಸೆನ್ಸರ್‌ನ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಅದರ ತಂತಿಯ ಚರಿತ್ರೆಯನ್ನಷ್ಟೇ ಹೇಳಿ ಮುಗಿಸುತ್ತಾರೆ. ಚರ್ಮದೊಳಗೆ ಸುಮಾರು ಅರ್ಧ ಸೆಂಟಿಮೀಟರ್ ಇಳಿಯುವ ಸಣ್ಣ ಎಳೆ, ಅದರ ಮೇಲೆ ಬಳಿದ ಕಿಣ್ವ, ಆ ಕಿಣ್ವ ಸಕ್ಕರೆಯೊಡನೆ ವರ್ತಿಸಿದಾಗ ಹುಟ್ಟುವ ಅತಿ ಸಣ್ಣ ವಿದ್ಯುತ್ತು, ಅದನ್ನು ಮೊಬೈಲಿನ ಪರದೆಯ ಮೇಲೆ ಅಂಕಿಯಾಗಿಸುವ ಲೆಕ್ಕಾಚಾರ: ಹೊಗಳಿಕೆಯೆಲ್ಲ ಇವಕ್ಕೇ ಸಲ್ಲುತ್ತದೆ. ಆದರೆ ಸ್ನಾನ, ಬೆವರು, ನಿದ್ದೆಯಲ್ಲಿ ಮಗ್ಗುಲು ಬದಲಿಸುವುದು, ಬಸ್ಸಿನ ನೂಕುನುಗ್ಗಲು ಎಲ್ಲವನ್ನೂ ತಾಳಿಕೊಂಡು ಆ ತಂತಿಯನ್ನು ಹತ್ತು ಹದಿನಾಲ್ಕು ದಿನ ಅಲುಗದಂತೆ ಹಿಡಿದಿಡುವುದು ಒಂದು ಅಂಟು. ಆ ಅಂಟಿಗೂ ಒಂದು ಚರಿತ್ರೆಯಿದೆ, ಅದು ತಂತಿಯದಕ್ಕಿಂತ ಹಳೆಯದು. ತುರಿಕೆ, ದದ್ದು, ನೀರುಗುಳ್ಳೆ ಎದ್ದು ಅವಧಿಗೆ ಮೊದಲೇ ಸೆನ್ಸರ್ ಕಿತ್ತು ಹಾಕಬೇಕಾದವರಿಗೆ 'ನಿಮ್ಮದು ಸೂಕ್ಷ್ಮ ಚರ್ಮ' ಎಂದು ಹೇಳಿ ಕಳಿಸುವುದು ರೂಢಿ. ಈ ತೀರ್ಪು ಎಷ್ಟು ಸರಿ ಎಂದು ನೋಡಬೇಕಾದರೆ ಅಂಟಿನ ಚರಿತ್ರೆಗೇ ಹೋಗಬೇಕು. ಅಲ್ಲಿ ಒಂದು ಸಂಗತಿ ಮರಳಿ ಮರಳಿ ಕಾಣುತ್ತದೆ. ಚರ್ಮದ ದೂರನ್ನು ಅಂಟಿನ ಬಗೆಗಿನ ಮಾಹಿತಿಯೆಂದು ಕೇಳಿಸಿಕೊಂಡಾಗಲೆಲ್ಲ ವಸ್ತು ಸುಧಾರಿಸಿದೆ. ಅದನ್ನು ತೊಟ್ಟವರ ದೌರ್ಬಲ್ಯವೆಂದು ಬದಿಗೆ ಸರಿಸಿದಾಗ ಒಮ್ಮೆ ತಿಳಿದಿದ್ದ ವಿಷಯವೂ ದಶಕಗಟ್ಟಲೆ ಕಳೆದುಹೋಗಿದೆ.

ತಂತಿಯ ಕಥೆ ಬಹುಮಂದಿಗೆ ಗೊತ್ತಿರುವಂಥದು, ಆದ್ದರಿಂದ ಬೇಗ ದಾಟಬಹುದು. ಮೂತ್ರಕ್ಕೆ ಇರುವೆ ಮುತ್ತುವುದನ್ನು ಚರಕ ಸಂಹಿತೆ ಸಕ್ಕರೆ ಕಾಯಿಲೆಯ ಗುರುತುಗಳಲ್ಲಿ ಸೇರಿಸಿತ್ತು. 1776ರಲ್ಲಿ ಲಿವರ್‌ಪೂಲಿನ ವೈದ್ಯ ಮ್ಯಾಥ್ಯೂ ಡಾಬ್ಸನ್ ರೋಗಿಯ ಮೂತ್ರವನ್ನು ಕಾಯಿಸಿ ಇಂಗಿಸಿ, ಉಳಿದದ್ದು ಸಕ್ಕರೆಯೇ ಎಂದು ತೋರಿಸಿದ. 1908ರ ಬೆನೆಡಿಕ್ಟ್ ದ್ರಾವಣ, 1941ರ ಕ್ಲಿನಿಟೆಸ್ಟ್ ಮಾತ್ರೆ, 1965ರಲ್ಲಿ ಬಂದ ರಕ್ತ ಪರೀಕ್ಷೆಯ ಡೆಕ್ಸ್ಟ್ರೋಸ್ಟಿಕ್ಸ್ ಪಟ್ಟಿ, 1970ರ ಸುಮಾರಿಗೆ ಆ ಪಟ್ಟಿಯ ಬಣ್ಣ ಓದುವ ಯಂತ್ರ. ಇವೆಲ್ಲಕ್ಕೂ ಇದ್ದ ಸಮಾನ ಗುಣವೆಂದರೆ, ಇವು ದೇಹವನ್ನು ಮುಟ್ಟುತ್ತಿದ್ದದ್ದು ಕ್ಷಣಮಾತ್ರ, ಕೆಲವು ಮುಟ್ಟುತ್ತಲೇ ಇರಲಿಲ್ಲ. 1962ರಲ್ಲಿ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ಕಿಣ್ವವನ್ನು ಎಲೆಕ್ಟ್ರೋಡಿಗೆ ಜೋಡಿಸುವ ಉಪಾಯ ಮುಂದಿಟ್ಟರು. 1967ರಲ್ಲಿ ಅಪ್‌ಡೈಕ್ ಮತ್ತು ಹಿಕ್ಸ್ ಅದನ್ನು ಕೆಲಸ ಮಾಡುವ ಉಪಕರಣವಾಗಿಸಿದರು. 1982ರಲ್ಲಿ ಜಪಾನಿನ ಶಿಚಿರಿ ಮತ್ತು ಸಂಗಡಿಗರು ಚರ್ಮದಡಿ ಇಡಬಹುದಾದ ಸೂಜಿಯಂಥ ಸೆನ್ಸರ್ ಪ್ರಕಟಿಸಿದರು. ಅಲ್ಲಿಂದ ಮುಂದೆ ಪ್ರಶ್ನೆಯ ಸ್ವರೂಪವೇ ಬೇರೆಯಾಯಿತು. ಸಕ್ಕರೆಯನ್ನು ಅಳೆಯುವುದು ಹೇಗೆ ಎಂಬುದರ ಜೊತೆಗೆ, ಅಳೆಯುವ ವಸ್ತು ಮೈಮೇಲೆ ದಿನಗಟ್ಟಲೆ ವಾಸ ಮಾಡುವುದು ಹೇಗೆ ಎಂಬುದೂ ಸೇರಿಕೊಂಡಿತು. ಮೊದಲ ಪ್ರಶ್ನೆಗೆ ರಸಾಯನ ವಿಜ್ಞಾನಿಗಳ, ಎಂಜಿನಿಯರುಗಳ ಸಾಲೇ ಸಿಕ್ಕಿತು. ಎರಡನೆಯದಕ್ಕೆ ಉತ್ತರ ಆಗಲೇ ಅಂಗಡಿಯಲ್ಲಿ ಸಿದ್ಧವಿದೆ ಎಂದು ಎಲ್ಲರೂ ಭಾವಿಸಿದಂತೆ ಕಾಣುತ್ತದೆ.

ಅಂಗಡಿಯಲ್ಲಿದ್ದ ಆ ಉತ್ತರ ಬಂದದ್ದು ಬಹಳ ದೂರದಿಂದ. 1845ರಲ್ಲಿ ಅಮೆರಿಕದಲ್ಲಿ ಹೊರೇಸ್ ಡೇ ಮತ್ತು ವಿಲಿಯಂ ಶೆಕಟ್ ರಬ್ಬರ್ ಬೆರೆಸಿದ ಅಂಟುಪಟ್ಟಿಗೆ ಪೇಟೆಂಟ್ ಪಡೆದಿದ್ದರು. ಜರ್ಮನಿಯ ಹ್ಯಾಂಬರ್ಗಿನಲ್ಲಿ ಪಾಲ್ ಬೈಯರ್ಸ್‌ಡೋರ್ಫ್ ಎಂಬ ಔಷಧ ವ್ಯಾಪಾರಿ, ಚರ್ಮವೈದ್ಯ ಪಾಲ್ ಗೆರ್ಸನ್ ಉನ್ನಾನ ಒಡನಾಟದಲ್ಲಿ, ಮದ್ದು ಲೇಪಿಸಿದ ಪ್ಲಾಸ್ಟರಿಗೆ 1882ರಲ್ಲಿ ಪೇಟೆಂಟ್ ತೆಗೆದುಕೊಂಡ. ಅವನ ಕಂಪನಿ ಆಸ್ಕರ್ ಟ್ರೊಪ್ಲೊವಿಟ್ಸ್‌ನ ಕೈಗೆ ಬಂದ ಮೇಲೆ ನಡೆದದ್ದು ನಮ್ಮ ವಾದಕ್ಕೆ ಮುಖ್ಯ. ಅವರು ಗಾಯಕ್ಕೆಂದು ಮಾಡಿದ ಒಂದು ರಬ್ಬರ್ ಅಂಟುಪಟ್ಟಿ ಚೆನ್ನಾಗಿ ಹಿಡಿಯುತ್ತಿತ್ತು, ಆದರೆ ಚರ್ಮವನ್ನು ಕೆರಳಿಸುತ್ತಿತ್ತು. ಚರ್ಮಕ್ಕೆ ಆಗದ ಆ ಪಟ್ಟಿಯನ್ನು 1896ರಲ್ಲಿ ಸೈಕಲ್ ಟೈರಿನ ತೂತು ಮುಚ್ಚುವ ಪಟ್ಟಿಯಾಗಿ ಮಾರಿದರು. ಚರ್ಮಕ್ಕೆ ಬೇಕಾದ ಪಟ್ಟಿಯ ಹುಡುಕಾಟ ಬೇರೆಯಾಗಿ ಮುಂದುವರಿದು, 1901ರಲ್ಲಿ ಸತುವಿನ ಆಕ್ಸೈಡ್ ಬೆರೆಸಿದ ಲ್ಯೂಕೋಪ್ಲಾಸ್ಟ್ ಹೊರಬಂತು. ಸತುವಿನ ಆಕ್ಸೈಡು ರಾಳದ ಆಮ್ಲಗಳ ಕೆರಳಿಕೆಯನ್ನು ತಗ್ಗಿಸುವುದರಿಂದ ಆ ಪಟ್ಟಿಯನ್ನು ಹೆಚ್ಚು ಹೊತ್ತು ಮೈಮೇಲೆ ಇಡಬಹುದಾಗಿತ್ತು. ಇಲ್ಲಿ ಗಮನಿಸಬೇಕಾದದ್ದು ತೀರ್ಮಾನದ ಕ್ರಮ. ಮೈ ಉರಿದವರಿಗೆ ನಿಮ್ಮ ಚರ್ಮ ಸೂಕ್ಷ್ಮ ಎಂದು ಹೇಳಿ ಅದೇ ಪಟ್ಟಿಯನ್ನು ಮಾರುವುದು ಸುಲಭವಿತ್ತು. ಹಾಗೆ ಮಾಡದೆ, ಈ ಅಂಟು ಚರ್ಮಕ್ಕೆ ತಕ್ಕದ್ದಲ್ಲ ಎಂದು ಒಪ್ಪಿ ಅದಕ್ಕೆ ಬೇರೆ ಕೆಲಸ ಹಚ್ಚಿದರು. ಆ ಒಪ್ಪಿಗೆಯ ಹಿಂದೆ ವ್ಯಾಪಾರದ ಲೆಕ್ಕವೂ ಇತ್ತೆನ್ನಿ. ಆದರೂ ಚರ್ಮದ ಮಾತು ಅಲ್ಲಿ ಸಾಕ್ಷಿಯಾಗಿ ನಿಂತಿತು.

ಅದೇ ದಶಕದಲ್ಲಿ ಆ ಸಾಕ್ಷಿಯನ್ನು ಕ್ರಮಬದ್ಧವಾಗಿ ವಿಚಾರಿಸುವ ವಿಧಾನವೂ ಹುಟ್ಟಿತು. ಪಾದರಸದ ಮದ್ದಿನಿಂದ ಮೈಮೇಲೆ ಇಸುಬು ಎದ್ದಾಗ ಅದಕ್ಕೆ ಪಾದರಸವೇ ಕಾರಣವೋ ಬೇರೇನೋ ಎಂದು ತಿಳಿಯಲು ಜೋಸೆಫ್ ಯಾಡಸ್ಸೋನ್ ಆ ಮದ್ದನ್ನು ರೋಗಿಯ ಚರ್ಮದ ಸಣ್ಣ ಜಾಗದಲ್ಲಿ ಹಚ್ಚಿ ನೋಡಿದ. 1895ರಲ್ಲಿ ಗ್ರಾಜ್ ನಗರದ ವೈದ್ಯರ ಸಭೆಯಲ್ಲಿ ಅದನ್ನು ಮಂಡಿಸಿದ. ಇವತ್ತು ಚರ್ಮವೈದ್ಯರು ಮಾಡುವ ಪ್ಯಾಚ್ ಟೆಸ್ಟಿನ ಮೂಲ ಇದು. ಅನುಮಾನದ ವಸ್ತುಗಳನ್ನು ಬೆನ್ನಿಗೆ ಪಟ್ಟಿ ಹಾಕಿ ಎರಡು ದಿನ ಬಿಟ್ಟು, ತೆಗೆದ ಮೇಲೂ ಒಂದೆರಡು ದಿನ ಕಾದು ನೋಡುತ್ತಾರೆ. ಕಾಯುವುದಕ್ಕೆ ಕಾರಣವಿದೆ. ಈ ಬಗೆಯ ಅಲರ್ಜಿ ಮೈ ಮುಟ್ಟಿದ ಕ್ಷಣಕ್ಕೆ ಏಳುವುದಿಲ್ಲ. ದೇಹದ ರಕ್ಷಣಾ ಕೋಶಗಳು ಒಮ್ಮೆ ಕಂಡ ವಸ್ತುವನ್ನು ನೆನಪಿಟ್ಟುಕೊಂಡು ಮುಂದಿನ ಸಲ ಕಂಡಾಗ ನಿಧಾನವಾಗಿ ಪ್ರತಿಭಟಿಸುತ್ತವೆ. 1920ರಲ್ಲಿ ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯ ಅರ್ಲ್ ಡಿಕ್ಸನ್ ಅಡುಗೆಮನೆಯಲ್ಲಿ ಬೆರಳು ಕೊಯ್ದುಕೊಳ್ಳುತ್ತಿದ್ದ ಹೆಂಡತಿಗಾಗಿ ಬ್ಯಾಂಡ್-ಏಡ್ ರೂಪಿಸಿದಾಗ, ಅದು ಮೈಮೇಲೆ ಇರಬೇಕಾದದ್ದು ಒಂದೆರಡು ದಿನ. ಅಷ್ಟರಲ್ಲಿ ಬಹುಮಂದಿಗೆ ಏನೂ ಆಗುತ್ತಿರಲಿಲ್ಲ. ಪೈನ್ ಮರದ ರಾಳ ಸೇರಿದ ಹಳೆಯ ಪಟ್ಟಿಗಳನ್ನು ಪದೇಪದೇ ಹಾಕಿಸಿಕೊಂಡವರಲ್ಲಿ ಮಾತ್ರ ಆ ರಾಳಕ್ಕೇ ಅಲರ್ಜಿ ಕಾಣಿಸಿಕೊಳ್ಳುತ್ತಿತ್ತು. 1960ರಲ್ಲಿ 3ಎಂ ಕಂಪನಿ ತಂದ ಮೈಕ್ರೋಪೋರ್ ಈ ಸಮಸ್ಯೆಗೆ ಕೊಟ್ಟ ಉತ್ತರ: ರಾಳ, ರಬ್ಬರ್ ಬಿಟ್ಟು ಅಕ್ರಿಲಿಕ್ ಅಂಟು, ಗಾಳಿಯಾಡುವ ಹೊದಿಕೆ. ಆಸ್ಪತ್ರೆಗಳಲ್ಲಿ ಅದು ನೆಲೆಯೂರಿತು. ಇನ್ನು ಅಂಟಿನ ಅಲರ್ಜಿ ಹಳೆಯ ಮಾತು ಎಂಬ ಭರವಸೆಯೂ ಅದರ ಜೊತೆಗೇ ಬೆಳೆಯಿತು.

ಈ ಭರವಸೆ ಎಷ್ಟು ಟೊಳ್ಳು ಎಂಬುದಕ್ಕೆ ಉತ್ತಮ ಸಾಕ್ಷ್ಯ ಸಿಗುವುದು ಯುರೋಪಿನ ಆಸ್ಪತ್ರೆಗಳಲ್ಲಲ್ಲ, ನಮ್ಮ ಹೆಂಗಸರ ಹಣೆಯ ಮೇಲೆ. ಹಿಂದೆ ನಮ್ಮಲ್ಲಿ ಹಣೆಗೆ ತುಸು ಮೇಣ ಹಚ್ಚಿ ಅದರ ಮೇಲೆ ಕುಂಕುಮ ಇಡುತ್ತಿದ್ದರು. ಅದರ ಜಾಗಕ್ಕೆ ಸ್ಟಿಕ್ಕರ್ ಬೊಟ್ಟು ಬಂತು. ಬೆನ್ನಿಗೆ ಅಂಟು ಇರುವ, ಕಿತ್ತು ಕನ್ನಡಿಗೆ ಅಂಟಿಸಿ ಮರುದಿನ ಮತ್ತೆ ಹಣೆಗಿಡಬಹುದಾದ ಟಿಕ್ಲಿ. ಕೆಲವರಿಗೆ ಬೊಟ್ಟು ಇಡುವ ಜಾಗದಲ್ಲಿ ತುರಿಕೆ ಎದ್ದು, ಮೆಲ್ಲಗೆ ಅಷ್ಟಗಲ ಚರ್ಮ ಬಿಳಿಚಿಕೊಳ್ಳತೊಡಗಿತು. 1990ರಲ್ಲಿ ಅಲಹಾಬಾದಿನ ಚರ್ಮವೈದ್ಯರು ಇದಕ್ಕೆ ಕಾರಣ ಅಂಟಿನಲ್ಲಿದ್ದ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫೀನಾಲ್ ಎಂಬ ರಾಸಾಯನಿಕ ಎಂದು ಪ್ರಕಟಿಸಿದರು. ಅದು ಚರ್ಮಕ್ಕೆ ಬಣ್ಣ ಕೊಡುವ ಕೋಶಗಳನ್ನೇ ಹಾಳುಮಾಡುತ್ತದೆ. ಹಣೆಯ ನಡುವೆ ಬಿಳಿ ಮಚ್ಚೆ ಕಂಡರೆ ನಮ್ಮ ಸಮಾಜ ಏನೆನ್ನುತ್ತದೆಂಬುದು ಗೊತ್ತಿದ್ದದ್ದೇ: ತೊನ್ನು ಎಂದು ಪಿಸುಗುಡುವುದು, ಮದುವೆಯ ಮಾತು ಮುರಿಯುವುದು. ದಿನವೂ ಹಣೆಗಿಟ್ಟ ಅಗ್ಗದ ಅಂಟು ಮಾಡಿದ ಕೆಲಸಕ್ಕೆ ಹೆಣ್ಣಿನ ರಕ್ತವನ್ನೂ ಮನೆತನವನ್ನೂ ದೂರಿದರು. ತೊಡುವವರ ಮೇಲೆ ತಪ್ಪು ಹೊರಿಸುವುದು ಬರೀ ವೈದ್ಯಕೀಯ ತಪ್ಪಾಗಿ ಉಳಿಯುವುದಿಲ್ಲ, ಅದಕ್ಕೊಂದು ಸಾಮಾಜಿಕ ಬೆಲೆಯಿದೆ ಎಂಬುದನ್ನು ಬೊಟ್ಟಿನ ಕಥೆಯಷ್ಟು ಸ್ಪಷ್ಟವಾಗಿ ಬೇರಾವುದೂ ಹೇಳುವುದಿಲ್ಲ. ಇನ್ನೊಂದು ಪಾಠವೂ ಅದರಲ್ಲಿದೆ. ಒಂದು ಗಂಟೆ ಇಟ್ಟರೆ ಏನೂ ಮಾಡದ ಅಂಟು, ದಿನವೂ ಅದೇ ಜಾಗದಲ್ಲಿ ವರ್ಷಗಟ್ಟಲೆ ಇಟ್ಟರೆ ಬೇರೆಯದೇ ವಸ್ತುವಾಗುತ್ತದೆ. ಅಂಟಿನ ವಿಷಯದಲ್ಲಿ ಕಾಲವೂ ಒಂದು ಪ್ರಮಾಣವೇ.

ಗ್ಲೂಕೋಸ್ ಉಪಕರಣಗಳ ಲೋಕಕ್ಕೆ ಚರ್ಮದ ಮೊದಲ ಎಚ್ಚರಿಕೆ ಬಂದದ್ದು ಗ್ಲೂಕೋವಾಚ್‌ನಿಂದ. 2001ರಲ್ಲಿ ಅಮೆರಿಕದ ಅನುಮತಿ ಪಡೆದ ಈ ಕೈಗಡಿಯಾರಕ್ಕೆ ಸೂಜಿಯೇ ಇರಲಿಲ್ಲ. ಚರ್ಮದ ಮೂಲಕ ಸಣ್ಣ ವಿದ್ಯುತ್ ಹಾಯಿಸಿ, ಒಳಗಿನ ದ್ರವದ ಗ್ಲೂಕೋಸನ್ನು ಮೇಲಕ್ಕೆ ಎಳೆದು ಅಳೆಯುತ್ತಿತ್ತು. ಚುಚ್ಚುವಿಕೆಯಿಲ್ಲದ ಪರೀಕ್ಷೆ ಎಂದು ಅದರ ಬಗ್ಗೆ ಬಹಳ ನಿರೀಕ್ಷೆಯಿತ್ತು. ಆದರೆ ಬೆವರಿದರೆ ಓದುವುದನ್ನು ನಿಲ್ಲಿಸುತ್ತಿತ್ತು, ತೆಗೆದಾಗ ಅದರಡಿಯ ಚರ್ಮ ಕೆಂಪಾಗಿ ತುರಿಸುತ್ತಿತ್ತು. ಅಮೆರಿಕದ ಹಲವು ಕೇಂದ್ರಗಳಲ್ಲಿ 200 ಮಕ್ಕಳ ಮೇಲೆ ಆರು ತಿಂಗಳು ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಕ್ಕಳು ಬರಬರುತ್ತ ಅದನ್ನು ಕಟ್ಟಿಕೊಳ್ಳುವುದನ್ನೇ ಕಡಿಮೆ ಮಾಡಿದರು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಚರ್ಮದ ಕಿರಿಕಿರಿಯೇ ಮುಂಚೂಣಿಯಲ್ಲಿತ್ತು. ಕೆಲವೇ ವರ್ಷಗಳಲ್ಲಿ ಆ ಗಡಿಯಾರ ಮಾರುಕಟ್ಟೆಯಿಂದಲೇ ಮರೆಯಾಯಿತು. ತಂತ್ರಜ್ಞಾನದ ಚರಿತ್ರೆಯಲ್ಲಿ ಇದನ್ನು ಸೋತ ಪ್ರಯೋಗವೆಂದು ಒಂದು ಸಾಲಿನಲ್ಲಿ ಮುಗಿಸುವುದುಂಟು. ಅದು ಕೊಟ್ಟುಹೋದ ಪಾಠ ದೊಡ್ಡದು: ಯಂತ್ರ ಎಷ್ಟು ನಿಖರವೆಂಬುದು ಪ್ರಯೋಗಾಲಯದಲ್ಲಿ ತೀರ್ಮಾನವಾಗಬಹುದು, ಅದು ಬಾಳುತ್ತದೋ ಇಲ್ಲವೋ ಎಂಬುದು ಚರ್ಮದ ಮೇಲೆಯೇ ತೀರ್ಮಾನವಾಗುತ್ತದೆ. ಉದ್ಯಮ ಅದರಿಂದ ಕಲಿತದ್ದು ಮಾತ್ರ ಬೇರೆ. ವಿದ್ಯುತ್ ಹಾಯಿಸುವ ದಾರಿಯನ್ನು ಬಿಟ್ಟು ಸೂಜಿ ಮತ್ತು ಅಂಟಿನ ದಾರಿಗೆ ಪೂರ್ತಿಯಾಗಿ ಒಲಿಯಿತು. ಅಂಟನ್ನು ವಿಚಾರಿಸಬೇಕೆಂದು ಅದಕ್ಕೆ ತೋಚಲಿಲ್ಲ.

ಆ ದಾರಿಯ ಮೊದಲ ಉಪಕರಣ, 1999ರಲ್ಲಿ ಅನುಮತಿ ಪಡೆದ ಮಿನಿಮೆಡ್ ಕಂಪನಿಯದು, ಮೈಮೇಲೆ ಇರುತ್ತಿದ್ದದ್ದು ಮೂರು ದಿನ. ಅಂಕಿಗಳನ್ನು ರೋಗಿ ನೋಡುವಂತಿರಲಿಲ್ಲ, ಆಮೇಲೆ ಆಸ್ಪತ್ರೆಯಲ್ಲಿ ಇಳಿಸಿಕೊಂಡು ವೈದ್ಯರು ಓದುತ್ತಿದ್ದರು. 2006ರಲ್ಲಿ ಬಂದ ಡೆಕ್ಸ್‌ಕಾಂನ ಮೊದಲ ಸೆನ್ಸರಿಗೂ ಮೂರೇ ದಿನದ ಆಯುಸ್ಸು. ಆಮೇಲೆ ಅದು ಏಳಾಯಿತು, ಹತ್ತಾಯಿತು. 2014ರಲ್ಲಿ ಯುರೋಪಿನಲ್ಲಿ ಬಿಡುಗಡೆಯಾದ ಅಬಾಟ್‌ನ ಫ್ರೀಸ್ಟೈಲ್ ಲಿಬ್ರೆ ಹದಿನಾಲ್ಕು ದಿನಕ್ಕೆ ಏರಿಸಿತು. ಬೆರಳು ಚುಚ್ಚಿಕೊಂಡು ಹೊಂದಿಸುವ ಕೆಲಸವೂ ಅದರಲ್ಲಿ ಬೇಕಿರಲಿಲ್ಲ. ಸಕ್ಕರೆ ಕಾಯಿಲೆಯವರಿಗೆ ಇದು ನಿಜವಾದ ಬಿಡುಗಡೆ. ಈ ಪ್ರಬಂಧದ ಯಾವ ಮಾತೂ ಅದನ್ನು ಕಡೆಗಣಿಸಬಾರದು. ಆದರೆ ಕಾಲದ ಲೆಕ್ಕವನ್ನು ನೋಡಿ. ಆಗಾಗ ಮೂರು ದಿನ ಹಾಕಿ ತೆಗೆಯುವ ಪರೀಕ್ಷೆಯೊಂದು ವರ್ಷಕ್ಕೆ 26 ಸೆನ್ಸರುಗಳ, ಬಿಡುವೇ ಇಲ್ಲದ ಉಡುಗೆಯಾಯಿತು. ಬ್ಯಾಂಡ್-ಏಡ್‌ನ ಒಂದೆರಡು ದಿನಕ್ಕೆ, ಮೈಕ್ರೋಪೋರ್‌ನ ಆಸ್ಪತ್ರೆ ವಾಸಕ್ಕೆ ಒಪ್ಪಿತವಾಗಿದ್ದ ಅಂಟಿನ ಜಾತಿಯನ್ನು ಜೀವಮಾನದ ಸಂಪರ್ಕಕ್ಕೆ ತಂದು ನಿಲ್ಲಿಸಿದಂತಾಯಿತು. ಬೊಟ್ಟಿನ ಪಾಠ ಗೊತ್ತಿದ್ದವರಿಗೆ ಮುಂದೇನಾಗಬಹುದೆಂದು ಊಹಿಸುವುದು ಕಷ್ಟವಿರಲಿಲ್ಲ.

ಆದದ್ದೂ ಅದೇ. ಲಿಬ್ರೆ ಹರಡಿದ ಕೆಲವೇ ವರ್ಷಗಳಲ್ಲಿ ಬೆಲ್ಜಿಯಂ ಮತ್ತು ಸ್ವೀಡನ್ನಿನ ಚರ್ಮವೈದ್ಯರ ಬಳಿ ಒಂದೇ ಬಗೆಯ ರೋಗಿಗಳು ಬರತೊಡಗಿದರು: ಮೊದಲ ಕೆಲವು ಸೆನ್ಸರುಗಳು ನಿರಾತಂಕ, ತಿಂಗಳುಗಳ ಬಳಿಕ ಇದ್ದಕ್ಕಿದ್ದಂತೆ ತುರಿಕೆ, ಸೆನ್ಸರಿನ ಅಳತೆಗೆ ಸರಿಯಾಗಿ ಗುಂಡನೆಯ ಇಸುಬು. ಆನ್ ಹರ್ಮನ್, ಒಲಿವಿಯರ್ ಏರ್ಟ್ಸ್, ಮಾರ್ಟಿನ್ ಮೊವಿಟ್ಸ್ ಮತ್ತಿತರರು 2017ರಲ್ಲಿ ಕಾರಣ ಪ್ರಕಟಿಸಿದರು: ಐಸೊಬೋರ್ನೈಲ್ ಅಕ್ರಿಲೇಟ್. ಆ ವಸ್ತುವಿನ ಪ್ಯಾಚ್ ಟೆಸ್ಟಿಗೆ ಒಳಗಾದ 13 ಜನರಲ್ಲಿ 12 ಮಂದಿಗೆ ಅದು ಹತ್ತಿತ್ತು. ಇದನ್ನು ಹೊಸ ಶೋಧವೆಂದೇ ಎಲ್ಲರೂ ಓದಿದರು, ಆದರೆ ಪೂರ್ತಿ ಹೊಸದಾಗಿರಲಿಲ್ಲ. 1995ರಲ್ಲೇ ಬೆಲ್ಜಿಯಂನ ಲೂವೆನ್ ನಗರದ ಚರ್ಮವೈದ್ಯರು ಇನ್ಸುಲಿನ್ ಪಂಪಿನ ನಳಿಕೆಯ ಅಂಟಿನಲ್ಲಿ ಇದೇ ವಸ್ತುವನ್ನು ಗುರುತಿಸಿ, 2017ರ ವರದಿ ಬಂದ ಪತ್ರಿಕೆಯಲ್ಲೇ ಬರೆದಿದ್ದರು. ರೋಗವೂ ಅದೇ, ರಾಸಾಯನಿಕವೂ ಅದೇ, ದೇಶವೂ ಅದೇ. ನಡುವೆ 22 ವರ್ಷ. ಆ ಹಳೆಯ ವರದಿ ಚರ್ಮವೈದ್ಯರ ಕಪಾಟಿನಲ್ಲಿ ಉಳಿಯಿತು, ಉಪಕರಣ ತಯಾರಿಸುವವರ ಮೇಜಿಗೆ ತಲುಪಿದ ಗುರುತಿಲ್ಲ. ಅಪರೂಪದ ರೋಗಿಯ ಅಪರೂಪದ ಚರ್ಮ ಎಂದು ಓದಿದವರಿಗೆ ಅದರಲ್ಲಿ ಕಲಿಯುವಂಥದು ಏನೂ ಇರಲಿಲ್ಲ. ಈ ಅಂಟು ದೀರ್ಘಕಾಲ ಮೈಮೇಲಿದ್ದರೆ ಹೀಗೆ ಮಾಡಬಲ್ಲದು ಎಂದು ಓದಿದ್ದರೆ, ಸಾವಿರಾರು ಜನ ಆ ವಸ್ತುವಿನ ಸಂಪರ್ಕಕ್ಕೇ ಬರುತ್ತಿರಲಿಲ್ಲ.

ಇನ್ನೂ ಕುತೂಹಲದ ವಿಷಯವೆಂದರೆ ಆ ವಸ್ತು ಇದ್ದ ಜಾಗ. ಸೆನ್ಸರನ್ನು ಬಿಡಿಸಿ ಪರೀಕ್ಷಿಸಿದಾಗ ಅದು ಹೆಚ್ಚಾಗಿ ಕಂಡದ್ದು ಪ್ಲಾಸ್ಟಿಕ್ ಕವಚದ ಮೇಲಿನ ಮತ್ತು ಕೆಳಗಿನ ಭಾಗಗಳು ಕೂಡುವಲ್ಲಿ. ಚರ್ಮಕ್ಕೆ ತಾಗುವ ಪಟ್ಟಿಯ ಅಂಟಿನಿಂದ ಬಂದದ್ದಾಗಿರದೆ, ಕವಚ ಜೋಡಿಸಿದ ಅಂಟಿನಿಂದ ಸೋರಿ, ಪಟ್ಟಿಯನ್ನು ದಾಟಿ ಚರ್ಮ ಸೇರುತ್ತಿತ್ತು. ಅಕ್ರಿಲೇಟುಗಳು ಪೂರ್ತಿಯಾಗಿ ಹೆಣೆದುಕೊಂಡು ಗಟ್ಟಿಯಾದ ಮೇಲೆ ಬಹುಮಟ್ಟಿಗೆ ನಿರುಪದ್ರವಿ. ಹೆಣಿಗೆಗೆ ಸಿಗದೆ ಉಳಿದ ಬಿಡಿ ಅಣುಗಳು ಮಾತ್ರ ಚರ್ಮದೊಳಗೆ ನುಸುಳುತ್ತವೆ. ಡೆಕ್ಸ್‌ಕಾಂನ ಹಿಂದಿನ ಸೆನ್ಸರುಗಳಲ್ಲಿ ಇದೇ ರೀತಿ ಎಥೈಲ್ ಸಯನೊಅಕ್ರಿಲೇಟ್, ಅಂದರೆ ಮನೆಬಳಕೆಯ ಕ್ಷಣದಂಟಿನ ವಸ್ತು, ಅಲರ್ಜಿಗೆ ಕಾರಣವಾಗಿತ್ತು. ಅದೇ ಕಂಪನಿಯ ಜಿ6 ಸೆನ್ಸರು ಬಹಳ ಜನಕ್ಕೆ ಹಿತವಾಗಿತ್ತು. ಅದರ ಅಂಟು ಬದಲಾದ ಮೇಲೆ ದೂರುಗಳು ಹೆಚ್ಚಿದವು, ಹೊಸ ಅಂಟಿನಲ್ಲಿದ್ದ ಇನ್ನೊಂದು ಅಕ್ರಿಲೇಟನ್ನು ಜರ್ಮನಿಯ ಸಂಶೋಧಕರು ಆಮೇಲೆ ಪತ್ತೆಮಾಡಿದರು. ಅಂದರೆ ಮೊನ್ನೆಯವರೆಗೆ ಒಗ್ಗುತ್ತಿದ್ದ ಸೆನ್ಸರು ಇಂದು ಒಗ್ಗದಿದ್ದರೆ, ಬದಲಾದದ್ದು ಮೈ ಇರಬೇಕಾಗಿಲ್ಲ, ಡಬ್ಬಿಯೊಳಗಿನ ಅಂಟೂ ಇರಬಹುದು. ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ ಐಸೊಬೋರ್ನೈಲ್ ಅಕ್ರಿಲೇಟನ್ನು 2020ರ 'ವರ್ಷದ ಅಲರ್ಜಿಕಾರಕ' ಎಂದು ಹೆಸರಿಸಿತು. ಆ ಹೊತ್ತಿಗೆ ಲಿಬ್ರೆಯಿಂದ ಅದನ್ನು ಕೈಬಿಡುವ ಕೆಲಸ ನಡೆದಿತ್ತು. ಸುಧಾರಣೆ ಬಂತು ನಿಜ. ಬಂದದ್ದು ಚರ್ಮದ ಸಾಕ್ಷಿಯನ್ನು ಹೆಸರಿಟ್ಟು ದಾಖಲಿಸಿದ ಮೇಲೆ.

ಈ ವಾದಕ್ಕೆ ಮೊದಲ ಆಕ್ಷೇಪ ಸಂಖ್ಯೆಯದು. ಕೆಲವೇ ಮಂದಿಗೆ ಆಗುವ ತೊಂದರೆಯನ್ನು ದೊಡ್ಡದು ಮಾಡಿ, ಲಕ್ಷಾಂತರ ಜನಕ್ಕೆ ಉಪಕಾರಿಯಾದ ಸಾಧನದ ಮೇಲೆ ಅನುಮಾನ ಹುಟ್ಟಿಸಬಾರದು ಎನ್ನುತ್ತಾರೆ. ಸಂಖ್ಯೆಯನ್ನೇ ನೋಡೋಣ. ಬೆಲ್ಜಿಯಂನ ಒಂದೇ ಆಸ್ಪತ್ರೆಯಲ್ಲಿ ಲಿಬ್ರೆ ತೊಟ್ಟ 1,036 ಜನರನ್ನು ಪರಿಶೀಲಿಸಿದಾಗ ಶೇಕಡ 3.8ರಷ್ಟು ಮಂದಿಗೆ ಸಂಪರ್ಕದ ಇಸುಬು ಕಂಡಿತ್ತು. ಇದು ಒಂದು ಆಸ್ಪತ್ರೆಯ, ಒಂದು ಕಾಲದ, ಒಂದು ಮಾದರಿಯ ಅಂಕಿ. ಎಲ್ಲ ಸೆನ್ಸರುಗಳಿಗೂ ಎಲ್ಲ ದೇಶಗಳಿಗೂ ಹಿಗ್ಗಿಸಲು ಬರುವುದಿಲ್ಲ. ಆದರೂ ಎರಡು ಮಾತು ಹೇಳಬೇಕು. ಒಂದು, ಅಲರ್ಜಿ ಒಮ್ಮೆ ಹತ್ತಿದರೆ ಸಾಮಾನ್ಯವಾಗಿ ಬಿಟ್ಟುಹೋಗುವುದಿಲ್ಲ. ಅದೇ ವಸ್ತು ಕೆಲವು ಇನ್ಸುಲಿನ್ ಪಂಪುಗಳಲ್ಲೂ ಇದ್ದದ್ದರಿಂದ, ಸೆನ್ಸರಿನಿಂದ ಅಲರ್ಜಿ ಹತ್ತಿಸಿಕೊಂಡ ಮಗುವಿಗೆ ಪಂಪಿನ ದಾರಿಯೂ ಕಿರಿದಾಗುತ್ತದೆ. ಎರಡು, ಭಾರತದಂಥ ದೇಶದಲ್ಲಿ ಸಣ್ಣ ಪಾಲೂ ಸಣ್ಣ ಸಂಖ್ಯೆಯಲ್ಲ. ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಇಲ್ಲಿ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ. ಅವರಲ್ಲಿ ಸೆನ್ಸರ್ ತೊಡುವವರು ಇಂದು ಕಡಿಮೆ, ನಾಳೆ ಕಡಿಮೆಯಿರುವುದಿಲ್ಲ. ಸಾವಿರಾರು ರೂಪಾಯಿ ಕೊಟ್ಟ ಸೆನ್ಸರನ್ನು ಐದನೆಯ ದಿನ ಕಿತ್ತು ಹಾಕಬೇಕಾದ ಸಂಸಾರಕ್ಕೆ ಶೇಕಡಾವಾರಿನ ಸಮಾಧಾನ ಪ್ರಯೋಜನಕ್ಕೆ ಬಾರದು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಬಹುಪಾಲು ತುರಿಕೆಗೆ ಅಲರ್ಜಿ ಕಾರಣವೇ ಅಲ್ಲ. ಬೆವರು, ಉಸಿರುಗಟ್ಟಿದ ಚರ್ಮ, ಅವಸರದಲ್ಲಿ ಪಟ್ಟಿ ಕೀಳುವುದು ಇವೇ ಕಾರಣ ಎನ್ನುತ್ತಾರೆ. ಇದು ನಿಜ. ಅಂಟಿನಡಿ ಬೆವರು ನಿಂತರೆ ಚರ್ಮದ ಮೇಲ್ಪದರ ನೆನೆದು ಮೆತ್ತಗಾಗುತ್ತದೆ, ಪಟ್ಟಿಯನ್ನು ಜಗ್ಗಿ ಕಿತ್ತರೆ ಆ ಪದರವೂ ಜೊತೆಗೇ ಬರುತ್ತದೆ. ಮಂಗಳೂರಿನ ಜಿಗುಟು ಸೆಕೆಯಲ್ಲಿ, ರಾಯಚೂರಿನ ಬಿಸಿಲಲ್ಲಿ ಇದು ಇನ್ನೂ ಹೆಚ್ಚು. ಇಂಥ ಕಿರಿಕಿರಿಗೆ ಮದ್ದು ಶಿಸ್ತಿನಲ್ಲಿದೆ. ಎಣ್ಣೆ, ಕ್ರೀಮು ಸೋಕದಂತೆ ಜಾಗವನ್ನು ತೊಳೆದು ಪೂರ್ತಿ ಒಣಗಿಸುವುದು, ಕೂದಲಿದ್ದರೆ ಬೋಳಿಸಿ ಗೀರು ಮಾಡುವ ಬದಲು ಕತ್ತರಿಸುವುದು, ಪ್ರತಿ ಸಲ ಜಾಗ ಬದಲಿಸಿ ಹಳೆಯ ಜಾಗಕ್ಕೆ ವಾರಗಟ್ಟಲೆ ಬಿಡುವು ಕೊಡುವುದು, ತೆಗೆಯುವಾಗ ಅಂಚಿಗೆ ಎಣ್ಣೆ ಹಚ್ಚಿ ಸಡಿಲಿಸಿ ಚರ್ಮಕ್ಕೆ ಸಮನಾಗಿ ಮೆಲ್ಲಗೆ ಸುಲಿಯುವುದು. ಆದರೆ ಈ ನಿಜವನ್ನು ಅಲರ್ಜಿಯ ಬಾಯಿ ಮುಚ್ಚಿಸಲು ಬಳಸಬಾರದು. ಕಿರಿಕಿರಿ ಸಾಮಾನ್ಯವಾಗಿ ಬೇಗ ಕಾಣುತ್ತದೆ, ಪಟ್ಟಿಯ ಗಡಿಯೊಳಗೆ ಇರುತ್ತದೆ, ತೆಗೆದ ಮೇಲೆ ಬೇಗ ತಣಿಯುತ್ತದೆ. ಅಲರ್ಜಿ ವಾರಗಳೋ ತಿಂಗಳುಗಳೋ ಕಳೆದ ಮೇಲೆ ಬರುತ್ತದೆ, ನೀರುಗುಳ್ಳೆ ಎಬ್ಬಿಸಿ ಗಡಿ ದಾಟಬಹುದು, ಪ್ರತಿ ಹೊಸ ಸೆನ್ಸರಿಗೂ ಇನ್ನಷ್ಟು ಬೇಗ ಮರುಕಳಿಸುತ್ತದೆ. ನಮ್ಮ ಕಂದು ಮೈಬಣ್ಣದಲ್ಲಿ ಕೆಂಪು ಎದ್ದು ಕಾಣುವುದಿಲ್ಲ; ತುರಿಕೆ, ಉಬ್ಬು, ಆಮೇಲೆ ಉಳಿಯುವ ಕಪ್ಪು ಕಲೆ ಇವೇ ಗುರುತು. ಬಿಳಿ ಚರ್ಮದ ಚಿತ್ರಗಳನ್ನು ನೋಡಿ ಕಲಿತ ಕಣ್ಣಿಗೆ ಅವು ತಪ್ಪಿಹೋಗುತ್ತವೆ. ಎರಡನ್ನೂ 'ಸೂಕ್ಷ್ಮ ಚರ್ಮ' ಎಂಬ ಒಂದೇ ಗೂಡೆಗೆ ತುಂಬಿದರೆ ಶಿಸ್ತಿನಿಂದ ವಾಸಿಯಾಗುವವರಿಗೂ ನಷ್ಟ, ಎಷ್ಟು ಶಿಸ್ತು ಪಾಲಿಸಿದರೂ ವಾಸಿಯಾಗದವರಿಗೂ ನಷ್ಟ.

ಮೂರನೆಯ ಆಕ್ಷೇಪ, ಅಂಟಿಗೂ ಚರ್ಮಕ್ಕೂ ನಡುವೆ ಒಂದು ತಡೆ ಹಾಕಿದರೆ ಮುಗಿಯಿತಲ್ಲ ಎಂಬುದು. ತಡೆಗಳು ಹಲವಿವೆ: ಸಿಂಪಡಿಸುವ ಪದರ, ಒರೆಸುವ ವೈಪ್ಸ್, ತೆಳುವಾದ ಪಾರದರ್ಶಕ ಪಟ್ಟಿ, ಬೊಕ್ಕೆಗೆ ಹಚ್ಚುವ ಹೈಡ್ರೋಕೊಲಾಯ್ಡ್ ಪ್ಲಾಸ್ಟರ್. ಸ್ಟಿರಾಯ್ಡ್ ಮೂಗಿನ ಸ್ಪ್ರೇಯನ್ನು ವೈದ್ಯರ ಸಲಹೆಯಂತೆ ಚರ್ಮಕ್ಕೆ ಸಿಂಪಡಿಸಿ ಒಣಗಿಸಿಕೊಳ್ಳುವ ಪದ್ಧತಿಯೂ ಬಂದಿದೆ. ಕಿರಿಕಿರಿಯವರಿಗೆ ಇವು ಬಹಳ ಮಟ್ಟಿಗೆ ನೆರವಾಗುತ್ತವೆ. ಅಲರ್ಜಿಯವರ ಪಾಡು ಬೇರೆ. ಅಕ್ರಿಲೇಟಿನ ಅಣುಗಳು ಬಹಳ ಸಣ್ಣವು, ಅನೇಕ ತೆಳು ಪದರಗಳನ್ನು ಕೆಲವೇ ದಿನಗಳಲ್ಲಿ ದಾಟುತ್ತವೆ. ಹೈಡ್ರೋಕೊಲಾಯ್ಡಿನಂಥ ದಪ್ಪ ಪಟ್ಟಿಗಳೇ ಹೆಚ್ಚು ಕಾಲ ತಡೆದದ್ದು ಕಂಡುಬಂದಿದೆ. ಆದರೆ ದಪ್ಪ ಹೆಚ್ಚಿದಷ್ಟೂ ಅರ್ಧ ಸೆಂಟಿಮೀಟರ್ ತಂತಿ ಚರ್ಮದೊಳಗೆ ಇಳಿಯುವ ಆಳ ಕಡಿಮೆಯಾಗುತ್ತದೆ, ಅಂಕಿಯ ನಂಬಿಕೆಯೂ ಅದಕ್ಕೆ ತಕ್ಕಂತೆ. ಈ ಎಲ್ಲ ಉಪಾಯಗಳ ಖರ್ಚು, ಕಸರತ್ತು, ಹೊಣೆ ಬೀಳುವುದು ರೋಗಿಯ ಮೇಲೆಯೇ. ಬೇರೆ ರೀತಿಯಲ್ಲಿ ಯೋಚಿಸಲು ಸಾಧ್ಯವಿತ್ತು ಎಂಬುದಕ್ಕೆ ಎವರ್‌ಸೆನ್ಸ್ ಉದಾಹರಣೆ. ಅದರ ಸೆನ್ಸರನ್ನು ವೈದ್ಯರು ಚರ್ಮದಡಿ ಹುದುಗಿಸುತ್ತಾರೆ. ಹೊರಗಿನ ಯಂತ್ರವನ್ನು ಹಿಡಿಯುವುದು ದಿನವೂ ಬದಲಿಸುವ ಮೃದು ಸಿಲಿಕೋನ್ ಅಂಟು. ಅದಕ್ಕೆ ಅದರದೇ ತೊಡಕುಗಳಿವೆ, ಹುದುಗಿಸುವುದು ಕೂಡ ಸಣ್ಣ ಶಸ್ತ್ರಕ್ರಿಯೆಯೇ. ಹಾಗಿದ್ದರೂ ಹದಿನಾಲ್ಕು ದಿನ ಬಿಡದ ಅಕ್ರಿಲಿಕ್ ಹಿಡಿತ ವಿಧಿಲಿಖಿತವಲ್ಲ, ವಿನ್ಯಾಸದ ಒಂದು ಆಯ್ಕೆ ಎಂಬುದನ್ನು ಅದು ತೋರಿಸುತ್ತದೆ.

ಕೊನೆಯ ಆಕ್ಷೇಪ ತಯಾರಕರದು. ಪ್ರತಿ ಸೆನ್ಸರೂ ಮಾರುಕಟ್ಟೆಗೆ ಬರುವ ಮುನ್ನ ಅಂತಾರಾಷ್ಟ್ರೀಯ ಮಾನದಂಡದಂತೆ ಚರ್ಮಕ್ಕೆ ಸುರಕ್ಷಿತವೇ ಎಂಬ ಪರೀಕ್ಷೆ ದಾಟಿಯೇ ಬಂದಿರುತ್ತದೆ, ಅಂಟಿನ ಸೂತ್ರ ವ್ಯಾಪಾರದ ಗುಟ್ಟು, ಅದನ್ನು ಬಿಚ್ಚಿಡಬೇಕಾದ ಕಾನೂನಿಲ್ಲ. ಐಸೊಬೋರ್ನೈಲ್ ಅಕ್ರಿಲೇಟ್ ಇದ್ದ ಸೆನ್ಸರು ಕೂಡ ಅಂಥ ಪರೀಕ್ಷೆಗಳನ್ನು ದಾಟಿಯೇ ಬಂದಿತ್ತು ಎಂಬುದೊಂದೇ ಮೊದಲ ಮಾತಿಗೆ ಸಾಕಾದ ಉತ್ತರ. ಪ್ರಯೋಗಾಲಯದ ಕೆಲವು ವಾರಗಳ ಪರೀಕ್ಷೆ ಬೇರೆ, ವರ್ಷವಿಡೀ ಒಂದರ ಹಿಂದೊಂದು ಸೆನ್ಸರ್ ತೊಡುವ ಬದುಕು ಬೇರೆ. ಗುಟ್ಟಿನ ವಿಷಯಕ್ಕೆ ಬಂದರೆ, ಸ್ನಾನದ ಸೋಪಿನ ಹೊದಿಕೆಯ ಮೇಲೆ ಅದರಲ್ಲಿರುವ ವಸ್ತುಗಳ ಪಟ್ಟಿ ಇರುತ್ತದೆ. ಸೋಪು ಮೈಮೇಲೆ ಇರುವುದು ಒಂದೆರಡು ನಿಮಿಷ. ಹದಿನಾಲ್ಕು ದಿನ ಮೈಗಂಟಿ ಕೂರುವ ಸೆನ್ಸರಿನ ಡಬ್ಬಿಯ ಮೇಲೆ ಅಂಟಿನ ಘಟಕಗಳ ಪಟ್ಟಿ ಇರುವುದಿಲ್ಲ. 2021ರಿಂದ ಜಾರಿಯಲ್ಲಿರುವ ಯುರೋಪಿನ ಹೊಸ ವೈದ್ಯಕೀಯ ಉಪಕರಣ ನಿಯಮವೂ ಪೂರ್ತಿ ಪಟ್ಟಿ ಕೇಳುವುದಿಲ್ಲ. ಏನಿದೆಯೆಂದು ತಿಳಿಯದೆ ಪ್ಯಾಚ್ ಟೆಸ್ಟಿಗೆ ಏನನ್ನು ಹಚ್ಚಬೇಕೆಂದು ವೈದ್ಯರಿಗೆ ತಿಳಿಯುವುದು ಹೇಗೆ? ಯಾಡಸ್ಸೋನ್‌ಗೆ ಮದ್ದಿನಲ್ಲಿ ಪಾದರಸವಿದೆ ಎಂಬುದಾದರೂ ಗೊತ್ತಿತ್ತು.

ಇಷ್ಟರಿಂದ ಹೊರಡುವ ತೀರ್ಮಾನ ಸರಳ. ಸೂಕ್ಷ್ಮ ಚರ್ಮ ಎಂಬುದು ಇಲ್ಲವೇ ಇಲ್ಲ ಎಂದು ಯಾರೂ ಹೇಳಲಾರರು; ಬಾಲ್ಯದಿಂದ ಇಸುಬು ಇರುವವರ ಚರ್ಮ ಬೇಗ ಕೆರಳುವುದು ನಿಜ, ಅವರು ಹೆಚ್ಚು ಜೋಪಾನ ಮಾಡಬೇಕಾದದ್ದೂ ನಿಜ. ಆದರೆ ಅದು ವಿಚಾರಣೆಯ ಮೊದಲ ಸಾಲಾಗಬೇಕು, ಕೊನೆಯ ಸಾಲಾಗಬಾರದು. ಸೆನ್ಸರ್ ತೊಡುವವರ ಮಟ್ಟಿಗೆ ಇದರರ್ಥ, ತುರಿಕೆ ಬಂದಾಗ ಯಾವ ಸೆನ್ಸರು, ಯಾವ ಬ್ಯಾಚು, ಎಷ್ಟನೆಯ ದಿನ ಎಂದು ಬರೆದಿಟ್ಟುಕೊಳ್ಳುವುದು, ಫೋಟೋ ತೆಗೆದಿಡುವುದು, ಶಿಸ್ತಿಗೆ ಬಗ್ಗದ ಇಸುಬಾದರೆ ಸಕ್ಕರೆ ವೈದ್ಯರ ಬಳಿಗೆ ಮಾತ್ರವಲ್ಲದೆ ಪ್ಯಾಚ್ ಟೆಸ್ಟ್ ಮಾಡುವ ಚರ್ಮವೈದ್ಯರ ಬಳಿಗೂ ಹೋಗುವುದು, ಬೇರೆ ಅಂಟಿನ ಸೆನ್ಸರಿಗೆ ಬದಲಾಯಿಸುವ ಸಾಧ್ಯತೆ ಕೇಳುವುದು. ವೈದ್ಯರ ಮಟ್ಟಿಗೆ, ಅಂಥ ಇಸುಬನ್ನು ಉಪಕರಣದ ದೋಷವೆಂದು ವರದಿ ಮಾಡುವುದು. ಕಂಪನಿಗಳ ಮತ್ತು ಸರ್ಕಾರದ ಮಟ್ಟಿಗೆ, ಅಂಟಿನ ಘಟಕಗಳನ್ನು ಡಬ್ಬಿಯ ಮೇಲೆ ಅಚ್ಚು ಹಾಕುವುದು, ಅಂಟು ಬದಲಾದಾಗ ಹೇಳುವುದು. ಇವುಗಳಲ್ಲಿ ಹೊಸ ತಂತ್ರಜ್ಞಾನ ಬೇಡುವಂಥದು ಒಂದೂ ಇಲ್ಲ. 1995ರ ವರದಿ 2014ರ ವಿನ್ಯಾಸಕರ ಕೈಸೇರಲು ಬೇಕಾಗಿದ್ದದ್ದೂ ಇಷ್ಟೇ: ಒಬ್ಬ ರೋಗಿಯ ತುರಿಕೆಯನ್ನು ಅಂಟಿನ ಮೇಲಿನ ದೂರಾಗಿ ದಾಖಲಿಸುವ ವ್ಯವಸ್ಥೆ. ಮುಂದಿನ ಸೆನ್ಸರುಗಳು ಇನ್ನೂ ಹೆಚ್ಚು ದಿನ ಮೈಮೇಲೆ ಇರಲಿವೆ, ಆದ್ದರಿಂದ ಆ ವ್ಯವಸ್ಥೆ ಅವಕ್ಕಿಂತ ಮೊದಲೇ ಬರಬೇಕು.